ಹಾಸ್ಟೆಲ್‌ನಲ್ಲಿ ದುಡಿಯುತ್ತ ಹೊರದೇಶ ಸುತ್ತಲು ಹೊರಟವರಿಗೆ: ವೀಸಾದಿಂದ ವಾಪಸಾಗುವವರೆಗೆ

ಬೆನ್ನಿಗೆ ಚೀಲ ಏರಿಸಿ ಹೊರದೇಶಕ್ಕೆ ಹೋಗಿ, ಅಲ್ಲಿನ ಹಾಸ್ಟೆಲ್ (ಪ್ರವಾಸಿಗರು ಹಾಸಿಗೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ತಂಗುವ ಅಗ್ಗದ ವಸತಿಗೃಹ) ಒಂದರಲ್ಲಿ ದಿನಕ್ಕೆ ನಾಲ್ಕು ಗಂಟೆ ಕಸ ಗುಡಿಸಿ, ಹಾಸಿಗೆಯ ಹೊದಿಕೆ ಬದಲಿಸಿ, ಅದಕ್ಕೆ ಪ್ರತಿಯಾಗಿ ಮಲಗಲು ಜಾಗ ಪಡೆದು ತಿಂಗಳುಗಟ್ಟಲೆ ಸುತ್ತಾಡಬಹುದು ಎಂಬ ಮಾತು ಪ್ರವಾಸದ ವಿಡಿಯೊಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರಲ್ಲಿ ಅನೇಕರ ಕೈಯಲ್ಲಿರುವುದು ಜರ್ಮನಿ, ಫ್ರಾನ್ಸ್ ಅಥವಾ ಬ್ರಿಟನ್ನಿನ ಪಾಸ್‌ಪೋರ್ಟ್, ಮತ್ತು ಆ ದೇಶಗಳು ಸುತ್ತಾಡುತ್ತಲೇ ದುಡಿಯಲು ಬಿಡುವ ‘ವರ್ಕಿಂಗ್ ಹಾಲಿಡೇ’ ಎಂಬ ವೀಸಾ ಒಪ್ಪಂದಗಳನ್ನು ಹಲವು ದೇಶಗಳೊಂದಿಗೆ ಬಹಳ ಹಿಂದೆಯೇ ಮಾಡಿಕೊಂಡಿವೆ. ಭಾರತದ ಪಾಸ್‌ಪೋರ್ಟ್ ಹಿಡಿದವರು ಅದೇ ಸಲಹೆಯನ್ನು ಹಾಗೆಯೇ ಪಾಲಿಸಿದರೆ ವಿಮಾನ ನಿಲ್ದಾಣದಿಂದಲೇ ಹಿಂದಿರುಗಬೇಕಾದೀತು. ಆದ್ದರಿಂದ ಇಲ್ಲಿ ಮೊದಲು ವೀಸಾ, ಆಮೇಲೆ ಹಣ, ಅದಾದ ಮೇಲೆ ಹಾಸ್ಟೆಲ್ ಎಂಬ ಕ್ರಮವನ್ನು ಅನುಸರಿಸಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಆಸ್ಟ್ರೇಲಿಯಾವನ್ನೇ ತೆಗೆದುಕೊಂಡಿರುವುದಕ್ಕೆ ಕಾರಣವಿದೆ: ಹಾಸ್ಟೆಲ್ ಕೆಲಸವನ್ನು ಭಾರತೀಯ ಯುವಜನರು ಕಾನೂನುಬದ್ಧವಾಗಿ, ಸಂಬಳ ಪಡೆದು ಮಾಡುವ ದಾರಿ ಅಲ್ಲಿ 2024ರಲ್ಲಿ ತೆರೆಯಿತು.

ಹಾಸಿಗೆಗೆ ಬದಲಾಗಿ ಮಾಡುವ ಕೆಲಸವೂ ಕೆಲಸವೇ

ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್, ಹೆಲ್ಪ್‌ಎಕ್ಸ್ ಮೊದಲಾದ ತಾಣಗಳು ಸದಸ್ಯತ್ವದ ಶುಲ್ಕ ಪಡೆದು ಪ್ರವಾಸಿಗರನ್ನೂ ಹಾಸ್ಟೆಲ್‌ಗಳನ್ನೂ ಜೋಡಿಸುತ್ತವೆ. ಅಲ್ಲಿ ಬಳಕೆಯಲ್ಲಿರುವ ಪದ ‘ಸ್ವಯಂಸೇವೆ’. ಹಣ ಕೈ ಬದಲಾಗದಿದ್ದರೆ ಅದು ಕೆಲಸವಾಗದು ಎಂದು ಬಹಳ ಮಂದಿ ನಂಬಿದ್ದಾರೆ. ವಲಸೆ ಅಧಿಕಾರಿಗಳು ಹಾಗೆ ನಂಬುವುದಿಲ್ಲ. ಊಟ, ವಸತಿಯಂಥ ಪ್ರತಿಫಲ ಪಡೆದು, ಇಲ್ಲವಾದರೆ ಸಂಬಳ ಕೊಟ್ಟು ಮಾಡಿಸಬೇಕಾಗಿದ್ದ ಕೆಲಸವನ್ನು ಮಾಡಿದರೆ ಅನೇಕ ದೇಶಗಳು ಅದನ್ನು ಉದ್ಯೋಗವೆಂದೇ ಪರಿಗಣಿಸುತ್ತವೆ. ಆಸ್ಟ್ರೇಲಿಯಾದ ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶವಿದ್ದರೂ ಸ್ಥಳೀಯರು ಸಂಬಳಕ್ಕೆ ಮಾಡುವ ಕೆಲಸ ಅದಾಗಿರಬಾರದು ಎಂಬ ಷರತ್ತಿದೆ. ಹಾಸ್ಟೆಲ್‌ನ ಕೋಣೆ ಸ್ವಚ್ಛಗೊಳಿಸುವುದು ಈ ಷರತ್ತನ್ನು ದಾಟುವುದು ಕಷ್ಟ. ಬ್ರಿಟನ್ನಿಗೆ ಸಂದರ್ಶಕ ವೀಸಾದಲ್ಲಿ ಹೋದವರು ನೋಂದಾಯಿತ ದತ್ತಿ ಸಂಸ್ಥೆಯೊಂದರಲ್ಲಿ 30 ದಿನ ಮೀರದಂತೆ ಮಾತ್ರ ಸ್ವಯಂಸೇವೆ ಮಾಡಬಹುದು. ಥಾಯ್ಲೆಂಡ್‌ನಲ್ಲಿ ಸಂಬಳವಿಲ್ಲದ ಸೇವೆಗೂ ಕೆಲಸದ ಪರವಾನಗಿ ಬೇಕು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳ ಪ್ರವಾಸಿ ವೀಸಾ 180 ದಿನಗಳಲ್ಲಿ 90 ದಿನ ಸುತ್ತಲು ಅವಕಾಶ ಕೊಡುತ್ತದೆಯೇ ಹೊರತು ದುಡಿಯಲು ಅಲ್ಲ.

‘ಎಲ್ಲರೂ ಮಾಡುತ್ತಾರೆ, ಯಾರೂ ಕೇಳುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳದಿರುವುದು ನಿಜವೇ, ಕೇಳುವ ದಿನದವರೆಗೆ. ಒಮ್ಮೆ ವೀಸಾ ರದ್ದಾದರೆ ಅದರ ದಾಖಲೆ ಮುಂದಿನ ಪ್ರತಿಯೊಂದು ವೀಸಾ ಅರ್ಜಿಯಲ್ಲಿ ನಿಮ್ಮ ಹಿಂದೆಯೇ ಬರುತ್ತದೆ. ಏಕೆಂದರೆ ‘ಈ ಹಿಂದೆ ಯಾವುದಾದರೂ ದೇಶದಲ್ಲಿ ನಿಮ್ಮ ವೀಸಾ ರದ್ದಾಗಿದೆಯೇ’ ಎಂಬ ಪ್ರಶ್ನೆ ಬಹುತೇಕ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಮೊದಲೇ ವೀಸಾಕ್ಕಾಗಿ ಸಾಲು ನಿಲ್ಲಬೇಕಾದ ಪಾಸ್‌ಪೋರ್ಟ್ ನಮ್ಮದಾಗಿರುವಾಗ ಉಚಿತ ಬಂಕ್ (ಒಂದರ ಮೇಲೊಂದಿರುವ ಹಾಸಿಗೆ) ಒಂದಕ್ಕಾಗಿ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಜಾಣತನವೆಂದು ನನಗೆ ಅನ್ನಿಸುವುದಿಲ್ಲ.

ಮೊದಲ ಹಂತ: ನಿಮಗೆ ತೆರೆದಿರುವ ವೀಸಾ

ಆಸ್ಟ್ರೇಲಿಯಾದ ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾದ ವರ್ಗಸಂಖ್ಯೆ 462. ಭಾರತೀಯರಿಗೆ ವರ್ಷಕ್ಕೆ 1000 ವೀಸಾಗಳನ್ನು ಮೀಸಲಿಡಲಾಗಿದ್ದು, ಅರ್ಜಿದಾರರು ಹತ್ತಾರು ಸಾವಿರ ಇರುವುದರಿಂದ ಆಯ್ಕೆ ಚೀಟಿ ಎತ್ತುವ ಬ್ಯಾಲಟ್ ಮೂಲಕ ನಡೆಯುತ್ತದೆ. ಮೊದಲ ಬ್ಯಾಲಟ್‌ಗೆ 2024ರ ಅಕ್ಟೋಬರ್ ತಿಂಗಳಲ್ಲಿ ನೋಂದಣಿ ನಡೆಯಿತು. ವಯಸ್ಸು 18ರಿಂದ 30ರೊಳಗೆ ಇರಬೇಕು, ಪಿಯುಸಿಯ ನಂತರ ಕನಿಷ್ಠ ಎರಡು ವರ್ಷದ ಉನ್ನತ ವ್ಯಾಸಂಗ ಮುಗಿದಿರಬೇಕು, ಅವಲಂಬಿತ ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಇಂಗ್ಲಿಷ್ ಪರೀಕ್ಷೆಯ ಮಟ್ಟ ಕಡಿಮೆಯೇ: ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಬಂದರೆ ಸಾಕು. ವಾಪಸಾತಿಯ ಟಿಕೆಟ್‌ನ ವೆಚ್ಚವನ್ನು ಬಿಟ್ಟು 5000 ಆಸ್ಟ್ರೇಲಿಯನ್ ಡಾಲರ್ ಖಾತೆಯಲ್ಲಿ ತೋರಿಸಬೇಕು; ಡಾಲರಿಗೆ 60 ರೂಪಾಯಿ ಎಂದು ಹಿಡಿದರೆ ಇದು 3 ಲಕ್ಷ ರೂಪಾಯಿ.

ಕ್ರಮ ಹೀಗೆ. ಆಸ್ಟ್ರೇಲಿಯಾದ ಗೃಹ ವ್ಯವಹಾರಗಳ ಇಲಾಖೆಯ ತಾಣದಲ್ಲಿ ‘ಇಮ್ಮಿಅಕೌಂಟ್’ ತೆರೆದು, ಪಾಸ್‌ಪೋರ್ಟ್ ಮತ್ತು ಪ್ಯಾನ್ ಕಾರ್ಡಿನ ವಿವರಗಳನ್ನು ಕೊಟ್ಟು, 25 ಡಾಲರ್ ಕಟ್ಟಿ ಬ್ಯಾಲಟ್‌ಗೆ ಹೆಸರು ನೋಂದಾಯಿಸಬೇಕು. ಹೆಸರು ಬಂದರೆ ಇಮೇಲ್ ಬರುತ್ತದೆ, ಅಲ್ಲಿಂದ 28 ದಿನಗಳೊಳಗೆ ಪೂರ್ಣ ಅರ್ಜಿ ಸಲ್ಲಿಸಬೇಕು. 28 ದಿನ ಬಹಳ ಎನಿಸಬಹುದು; ಪೊಲೀಸ್ ಪ್ರಮಾಣಪತ್ರ, ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಪತ್ರ ಇವೆಲ್ಲವನ್ನೂ ಹೊಂದಿಸಲು ಹೊರಟಾಗ ಅದು ಸಾಲುವುದಿಲ್ಲ. ಪೊಲೀಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ಅರ್ಜಿ ಹಾಕಬಹುದು. ವೀಸಾದ ಅರ್ಜಿ ಶುಲ್ಕ 2025ರ ಜುಲೈನಿಂದ 670 ಡಾಲರ್ ಆಗಿದ್ದು, ಸಾಮಾನ್ಯವಾಗಿ ಪ್ರತಿ ಜುಲೈನಲ್ಲಿ ಏರುತ್ತದೆ.

ಇಲ್ಲಿ ನಮ್ಮವರಿಗೆ ವಿಶೇಷವಾಗಿ ಕಾಡುವುದು ಹೆಸರಿನ ಗೊಂದಲ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಕೆಲವರಿಗೆ ಕುಲನಾಮದ ಜಾಗವೇ ಖಾಲಿ; ಹೀಗಿರುವವರು ಬ್ಯಾಲಟ್ ತೆರೆಯುವ ಹಲವು ತಿಂಗಳ ಮುಂಚೆಯೇ ದಾಖಲೆಗಳನ್ನು ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಪ್ಯಾನ್ ಕಾರ್ಡಿನ ತಿದ್ದುಪಡಿ ಸುಲಭ, ಪಾಸ್‌ಪೋರ್ಟಿನದು ಅಷ್ಟು ಸುಲಭವಲ್ಲ. ಆದ್ದರಿಂದ ಪಾಸ್‌ಪೋರ್ಟಿನಲ್ಲಿರುವ ರೂಪಕ್ಕೆ ಉಳಿದವನ್ನು ಹೊಂದಿಸುವುದೇ ಒಳ್ಳೆಯದು, ಮತ್ತು ಇಂಗ್ಲಿಷ್ ಪರೀಕ್ಷೆಗೂ ಅದೇ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು.

ಈ ವೀಸಾ ಹನ್ನೆರಡು ತಿಂಗಳಿಗೆ. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಕೆಲವು ವಿನಾಯಿತಿಗಳಿವೆ. ನಿಗದಿತ ಪ್ರದೇಶಗಳಲ್ಲಿ ನಿಗದಿತ ಬಗೆಯ ಕೆಲಸವನ್ನು ಮೂರು ತಿಂಗಳು ಮಾಡಿದವರಿಗೆ ಎರಡನೆಯ ವರ್ಷದ ವೀಸಾ ಸಿಗುತ್ತದೆ. 462 ವರ್ಗದವರಿಗೆ ಇಲ್ಲೊಂದು ಅನುಕೂಲವಿದೆ: ಉತ್ತರ ಆಸ್ಟ್ರೇಲಿಯಾದಲ್ಲಿ ಹಾಗೂ ದೂರದ ಪ್ರದೇಶಗಳಲ್ಲಿ ಪ್ರವಾಸೋದ್ಯಮ ಮತ್ತು ಆತಿಥ್ಯದ ಸಂಬಳದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಮಕರ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಕೇರ್ನ್ಸ್, ಏರ್ಲಿ ಬೀಚ್, ಬ್ರೂಮ್ ಊರುಗಳೂ, ಹಾಗೆಯೇ ಇಡೀ ನಾರ್ದರ್ನ್ ಟೆರಿಟರಿಯೂ ಈ ವ್ಯಾಪ್ತಿಯಲ್ಲಿವೆ. ಸಿಡ್ನಿಯ ಹಾಸ್ಟೆಲ್‌ನಲ್ಲಿ ಮೂರು ತಿಂಗಳು ದುಡಿದರೆ ಸಿಗದ ಎರಡನೆಯ ವರ್ಷ ಕೇರ್ನ್ಸ್‌ನಲ್ಲಿ ದುಡಿದರೆ ಸಿಗಬಹುದೆಂಬುದನ್ನು ಊರು ಆಯ್ಕೆ ಮಾಡುವಾಗಲೇ ನೆನಪಿಡಬೇಕು. ಸಂಬಳವಿಲ್ಲದ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಬ್ರಿಟನ್ನಿನ ‘ಯಂಗ್ ಪ್ರೊಫೆಷನಲ್ಸ್ ಸ್ಕೀಮ್’ ಇನ್ನೊಂದು ದಾರಿ. 2023ರಲ್ಲಿ ಆರಂಭವಾದ ಇದರಲ್ಲಿ ವರ್ಷಕ್ಕೆ 3000 ಸ್ಥಾನಗಳಿದ್ದು, ವಯಸ್ಸಿನ ಮಿತಿ ಅದೇ, ಪದವಿ ಕಡ್ಡಾಯ, ಅವಧಿ ಎರಡು ವರ್ಷ, ಬ್ಯಾಲಟ್‌ಗೆ ಶುಲ್ಕವಿಲ್ಲ. 2530 ಪೌಂಡ್ ಉಳಿತಾಯ ತೋರಿಸಬೇಕು. ಆದರೆ ಆಯ್ಕೆಯಾದ ಮೇಲೆ ವೀಸಾ ಶುಲ್ಕದ ಜೊತೆಗೆ ವರ್ಷಕ್ಕೆ 776 ಪೌಂಡ್‌ನಂತೆ ಎರಡು ವರ್ಷದ ಆರೋಗ್ಯ ಮೇಲ್ತೆರಿಗೆಯನ್ನು ಒಟ್ಟಿಗೆ, ಮುಂಗಡವಾಗಿ ಕಟ್ಟಬೇಕು. ಬಿಗಿ ಬಜೆಟ್‌ನವರಿಗೆ ಇದು ಭಾರವೇ. ಎರಡೂ ಬ್ಯಾಲಟ್‌ಗಳಿಗೆ ಹೆಸರು ಹಾಕಲು ಯಾವ ಅಡ್ಡಿಯೂ ಇಲ್ಲ. ಬ್ಯಾಲಟ್‌ನಲ್ಲಿ ಹೆಸರು ಬರುವಂತೆ ಮಾಡಿಸುತ್ತೇವೆ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಯ್ಕೆ ಯಾದೃಚ್ಛಿಕ, ಅದರಲ್ಲಿ ಯಾರ ಕೈಯೂ ನಡೆಯುವುದಿಲ್ಲ.

ಹೆಸರು ಬಾರದಿದ್ದರೆ? ಹಾಸ್ಟೆಲ್ ಕೆಲಸದ ಯೋಚನೆ ಬಿಟ್ಟು, ಕೆಲಸವೇ ಬೇಡದಷ್ಟು ಅಗ್ಗದ ದೇಶಕ್ಕೆ ಹೋಗಿ. ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನಗಳ ಇ-ವೀಸಾ ಕೊಡುತ್ತಿದೆ. ಒಂದು ಬಾರಿಯ ಪ್ರವೇಶಕ್ಕೆ ಶುಲ್ಕ 25 ಅಮೆರಿಕನ್ ಡಾಲರ್. ಹನೋಯಿಯ ಡಾರ್ಮ್‌ನಲ್ಲಿ (ಹಲವರು ಹಂಚಿಕೊಳ್ಳುವ ಮಲಗುವ ಕೋಣೆ) ಒಂದು ಹಾಸಿಗೆ ಐದಾರು ನೂರು ರೂಪಾಯಿಗೆ ಸಿಗುತ್ತದೆ. ಅಷ್ಟಕ್ಕಾಗಿ ದಿನಕ್ಕೆ ನಾಲ್ಕೈದು ಗಂಟೆ ಶೌಚಾಲಯ ತೊಳೆಯುವುದಕ್ಕಿಂತ ಊರಲ್ಲೇ ಎರಡು ತಿಂಗಳು ಹೆಚ್ಚು ದುಡಿದು ಹೋಗುವುದು ಲಾಭ. ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಇದ್ದರೂ ನಡೆಯುತ್ತದೆ.

ಎರಡನೆಯ ಹಂತ: ಊರಲ್ಲೇ ಕೆಲಸ ಕಲಿಯುವುದು

ಹಾಸ್ಟೆಲ್ ಮ್ಯಾನೇಜರುಗಳು ಪದವಿ ಕೇಳುವುದಿಲ್ಲ, ಹಿಂದೆ ಎಲ್ಲಿ ಮಾಡಿದ್ದೀರಿ ಎಂದು ಕೇಳುತ್ತಾರೆ. ಹಂಪಿ, ಗೋಕರ್ಣ, ಮೈಸೂರು, ಕೊಡಗು, ಚಿಕ್ಕಮಗಳೂರುಗಳಲ್ಲಿ ಈಗ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳಿವೆ. ಅಂಥ ಒಂದು ಕಡೆ ಒಂದೆರಡು ತಿಂಗಳು ರಿಸೆಪ್ಷನ್ನಿನಲ್ಲಿಯೂ ಹೌಸ್‌ಕೀಪಿಂಗ್‌ನಲ್ಲಿಯೂ ದುಡಿದರೆ ಬುಕಿಂಗ್ ತಂತ್ರಾಂಶ, ಚೆಕ್-ಇನ್ ಕ್ರಮ, ಗಲಾಟೆ ಮಾಡುವ ಅತಿಥಿಯೊಡನೆ ಮಾತಾಡುವ ಬಗೆ ಎಲ್ಲವೂ ರೂಢಿಯಾಗುತ್ತವೆ. ಹೊರಡುವಾಗ ಹಾಸ್ಟೆಲ್‌ನ ಲೆಟರ್‌ಹೆಡ್ಡಿನಲ್ಲಿ ಕೆಲಸ ಮಾಡಿದ ಅವಧಿಯನ್ನೂ ಮಾಡಿದ ಕೆಲಸವನ್ನೂ ಬರೆಸಿಕೊಂಡು, ಮ್ಯಾನೇಜರ್ ಉತ್ತರಿಸುವ ಇಮೇಲ್ ವಿಳಾಸವನ್ನು ಪಡೆದುಕೊಳ್ಳಿ. ಇನ್ನೂ ಒಂದು ಲಾಭ: ಹತ್ತು ಜನರ ಡಾರ್ಮ್‌ನಲ್ಲಿ, ಮಧ್ಯರಾತ್ರಿ ಬಂದು ದೀಪ ಹಾಕುವವರ ನಡುವೆ, ನಿಮಗೆ ನಿದ್ದೆ ಬರುತ್ತದೆಯೇ ಎಂಬುದು ಲಕ್ಷಗಟ್ಟಲೆ ಖರ್ಚು ಮಾಡುವ ಮೊದಲೇ ಗೊತ್ತಾಗುತ್ತದೆ.

ಮೂರನೆಯ ಹಂತ: ಹಣ ಮತ್ತು ವಿಮೆ

ವೀಸಾಕ್ಕೆ ತೋರಿಸುವ 5000 ಡಾಲರ್ ಸಾಲದ ಹಣವಾಗಿದ್ದರೆ ಹೊರಡಬೇಡಿ. ಕೆಲಸ ಸಿಗಲು ಮೂರು ವಾರ ಹಿಡಿಯಬಹುದು, ಎರಡು ತಿಂಗಳೂ ಹಿಡಿಯಬಹುದು; ಆ ಹೊತ್ತಿನಲ್ಲಿ ನಿಮ್ಮನ್ನು ಕೆಟ್ಟ ಮಾಲೀಕನಿಂದ ಕಾಪಾಡುವುದು ಕೈಯಲ್ಲಿರುವ ಹಣವೇ. ವಾರಕ್ಕೆ ಹಾಸಿಗೆಗೆ 250 ಡಾಲರ್, ಸ್ವಂತ ಅಡುಗೆಗೆ 80ರಿಂದ 100 ಡಾಲರ್, ಬಸ್ಸು ಮತ್ತು ಫೋನಿಗೆ 40 ಡಾಲರ್ ಎಂದಿಟ್ಟುಕೊಂಡರೂ ತಿಂಗಳಿಗೆ 1500 ಡಾಲರ್ ಮೀರುತ್ತದೆ. ವಾಪಸಾತಿಯ ಟಿಕೆಟ್‌ನ ಹಣವನ್ನು ಬೇರೆ ಖಾತೆಯಲ್ಲಿಟ್ಟು ಅದಿಲ್ಲವೆಂದೇ ತಿಳಿಯಿರಿ.

ಭಾರತದ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ತಾನಾಗಿ ತೆರೆದಿರುವುದಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅದನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲೋ ಡಾಲರಿನಲ್ಲೋ’ ಎಂದು ಕೇಳಿದರೆ ಯಾವಾಗಲೂ ಆ ದೇಶದ ನಾಣ್ಯವನ್ನೇ ಆರಿಸಿ. ರೂಪಾಯಿ ಆರಿಸಿದರೆ ಅಂಗಡಿಯ ಯಂತ್ರ ತನ್ನದೇ ದುಬಾರಿ ವಿನಿಮಯ ದರ ಹಾಕುತ್ತದೆ. ನಿಮ್ಮ ಭಾರತೀಯ ಸಿಮ್ ಜೀವಂತವಾಗಿರಲಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ, ಮತ್ತು ಆ ಸಿಮ್ ನಿಷ್ಕ್ರಿಯವಾದರೆ ನಿಮ್ಮ ಹಣಕ್ಕೆ ನೀವೇ ಹೊರಗಿನವರಾಗುತ್ತೀರಿ.

ವಿಮೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಬ್ರಿಟನ್, ಇಟಲಿ ಮೊದಲಾದ ದೇಶದವರಿಗೆ ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್‌ನೊಂದಿಗೆ ಪರಸ್ಪರ ಒಪ್ಪಂದವಿದೆ, ಭಾರತೀಯರಿಗೆ ಇಲ್ಲ. ಆಸ್ಪತ್ರೆಯ ಒಂದೇ ರಾತ್ರಿಯ ಬಿಲ್ಲು ಇಡೀ ವರ್ಷದ ಉಳಿತಾಯವನ್ನು ನುಂಗಬಲ್ಲದು. ನಮ್ಮಲ್ಲಿ ಮಾರುವ ಪ್ರವಾಸ ವಿಮೆಗಳಲ್ಲಿ ಅನೇಕವು ಆರು ತಿಂಗಳಿಗೆ ಸೀಮಿತವಾಗಿರುತ್ತವೆ, ಮತ್ತು ದೈಹಿಕ ಕೆಲಸ ಮಾಡುವಾಗ ಆದ ಗಾಯವನ್ನು ಹೊರಗಿಡುತ್ತವೆ. ಆ ಸಣ್ಣಕ್ಷರದ ಪುಟವನ್ನು ಓದಿಯೇ ಕೊಳ್ಳಿ. ಸಂಬಳದ ನೌಕರನಾದರೆ ಕೆಲಸದ ಜಾಗದ ಗಾಯಕ್ಕೆ ಅಲ್ಲಿನ ಕಾರ್ಮಿಕ ಪರಿಹಾರ ವ್ಯವಸ್ಥೆ ಅನ್ವಯಿಸುತ್ತದೆ. ದಾಖಲೆಯಿಲ್ಲದೆ ಹಾಸಿಗೆಗಾಗಿ ದುಡಿಯುವವನು ಒದ್ದೆ ಮೆಟ್ಟಿಲಲ್ಲಿ ಜಾರಿಬಿದ್ದರೆ ಅವನು ಎರಡರ ಆಶ್ರಯವನ್ನೂ ಕಳೆದುಕೊಳ್ಳುವ ಸಂಭವವಿದೆ.

ನಾಲ್ಕನೆಯ ಹಂತ: ಚೀಲ ಮತ್ತು ವಿಮಾನ

ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನವಿದೆ, ಆದರೆ ಕ್ವಾಲಾಲಂಪುರದ ಮೂಲಕ ಕಡಿಮೆ ದರದ ವಿಮಾನಗಳಲ್ಲಿ ಹೋಗುವುದು ಹೆಚ್ಚಾಗಿ ಅಗ್ಗ. ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ನಡುವೆ ಲಗೇಜು ಇಳಿಸಿಕೊಂಡು ಮತ್ತೆ ಒಪ್ಪಿಸಬೇಕಾಗುವುದರಿಂದ ಮಲೇಷ್ಯಾದ ಪ್ರವೇಶ ನಿಯಮವನ್ನು ಆ ತಿಂಗಳಿನದನ್ನೇ ನೋಡಿ, ಎರಡು ವಿಮಾನಗಳ ನಡುವೆ ಆರು ಗಂಟೆಯಾದರೂ ಬಿಡಿ. ಚೀಲ 40 ಲೀಟರಿನದು ಸಾಕು. ಕಪ್ಪು ಪ್ಯಾಂಟು, ಕಪ್ಪು ಅಂಗಿ, ಹಿಡಿತವಿರುವ ಮುಚ್ಚಿದ ಶೂ ಇರಲಿ. ಕೆಫೆ ಮತ್ತು ಹಾಸ್ಟೆಲ್‌ಗಳಲ್ಲಿ ಮೊದಲ ದಿನವೇ ಕೇಳುವ ಉಡುಪು ಇದು. ಬೀಗ, ಕಿವಿಗೆ ಇಡುವ ಪ್ಲಗ್, ಸ್ನಾನದ ಚಪ್ಪಲಿ ಮರೆಯಬೇಡಿ.

ಅಮ್ಮ ಕಟ್ಟಿಕೊಡುವ ಚಟ್ನಿಪುಡಿ, ಉಪ್ಪಿನಕಾಯಿಗಳ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ತಪಾಸಣೆ ಬಹಳ ಬಿಗಿ. ಪ್ರಯಾಣಿಕರ ಆಗಮನ ಪತ್ರದಲ್ಲಿ ಆಹಾರವಿದೆ ಎಂದು ಘೋಷಿಸಿದರೆ ಹೆಚ್ಚೆಂದರೆ ಅದನ್ನು ತೆಗೆದುಕೊಳ್ಳುತ್ತಾರೆ, ದಂಡ ಹಾಕುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡವಿದೆ, ವೀಸಾ ರದ್ದಾಗುವ ಸಾಧ್ಯತೆಯೂ ಇದೆ. ಅನುಮಾನವಿದ್ದರೆ ಘೋಷಿಸಿ.

ಐದನೆಯ ಹಂತ: ಬಂದಿಳಿದ ಮೊದಲ ವಾರ

ಮೊದಲ ಹಾಸ್ಟೆಲ್ಲನ್ನು ಒಂದು ವಾರಕ್ಕಿಂತ ಹೆಚ್ಚಿಗೆ ಮುಂಗಡವಾಗಿ ಕಾಯ್ದಿರಿಸಬೇಡಿ. ಆ ವಾರದಲ್ಲಿ ಮೂರು ಕೆಲಸಗಳು ಆಗಬೇಕು: ಸ್ಥಳೀಯ ಸಿಮ್, ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ. ಬ್ಯಾಂಕ್ ಖಾತೆಯನ್ನು ಊರಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ತೆರೆಯಲು ಬಿಡುವ ಬ್ಯಾಂಕುಗಳಿವೆ. ‘ಟಿಎಫ್ಎನ್’ ಎಂದು ಕರೆಯುವ ತೆರಿಗೆ ಸಂಖ್ಯೆಗೆ ಆಸ್ಟ್ರೇಲಿಯಾದ ತೆರಿಗೆ ಕಚೇರಿಯ ತಾಣದಲ್ಲಿ ಉಚಿತವಾಗಿ ಅರ್ಜಿ ಹಾಕಬಹುದು. ಇದಕ್ಕೆ ಹಣ ಕೇಳುವ ತಾಣಗಳು ನಡುವಿನ ದಲ್ಲಾಳಿಗಳು. ಈ ವೀಸಾದವರ ಆದಾಯಕ್ಕೆ 45,000 ಡಾಲರಿನವರೆಗೆ ಶೇ 15ರಷ್ಟು ತೆರಿಗೆ ಇದೆ. ಸಂಖ್ಯೆ ಕೊಡದೆ ಕೆಲಸ ಮಾಡಿದರೆ ಅತಿ ಹೆಚ್ಚಿನ ದರದಲ್ಲಿ ಹಿಡಿಯುತ್ತಾರೆ. ಬಾರ್ ಇರುವ ಹಾಸ್ಟೆಲ್‌ನಲ್ಲಿ ಮದ್ಯ ಬಡಿಸುವ ಕೆಲಸಕ್ಕೆ ‘ಆರ್‌ಎಸ್‌ಎ’ ಪ್ರಮಾಣಪತ್ರ ಬೇಕು, ಅದರ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಯಾವ ರಾಜ್ಯದಲ್ಲಿ ನಿಲ್ಲುತ್ತೀರಿ ಎಂದು ಖಚಿತವಾಗುವ ಮೊದಲು ಆ ಕೋರ್ಸಿಗೆ ದುಡ್ಡು ಹಾಕಬೇಡಿ.

ಋತುವನ್ನೂ ಗಮನಿಸಿ. ಡಾರ್ವಿನ್, ಬ್ರೂಮ್‌ಗಳಲ್ಲಿ ಪ್ರವಾಸಿಗರು ತುಂಬುವುದು ಮೇನಿಂದ ಅಕ್ಟೋಬರ್‌ವರೆಗಿನ ಒಣ ಹವೆಯಲ್ಲಿ. ಸೀಸನ್ ಶುರುವಾಗುವ ಮೂರು ನಾಲ್ಕು ವಾರ ಮುಂಚೆ ಹೋದವರಿಗೆ ಕೆಲಸ ಸಿಗುತ್ತದೆ, ತುಂಬಿದ ಮೇಲೆ ಹೋದವರಿಗೆ ಹಾಸಿಗೆಯೂ ಸಿಗುವುದಿಲ್ಲ.

ಆರನೆಯ ಹಂತ: ಕೆಲಸ ಕೇಳುವುದು, ಲೆಕ್ಕ ಹಾಕುವುದು

ಹಾಸ್ಟೆಲ್ ಕೆಲಸ ಹೆಚ್ಚಾಗಿ ಜಾಹೀರಾತಿಗೆ ಬರುವುದಿಲ್ಲ. ಅಲ್ಲಿ ಉಳಿದುಕೊಂಡವರಲ್ಲೇ ಒಬ್ಬರನ್ನು ಮ್ಯಾನೇಜರ್ ಆರಿಸಿಕೊಳ್ಳುತ್ತಾರೆ. ಆದ್ದರಿಂದ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಚೆಕ್-ಔಟ್ ಗದ್ದಲ ಇಳಿದ ಮೇಲೆ, ಒಂದು ಪುಟದ ಬಯೋಡೇಟಾ ಹಿಡಿದು ನೇರವಾಗಿ ಕೇಳಿ. ಯಾವ ದಿನಾಂಕದವರೆಗೆ ಇರುತ್ತೀರಿ ಎಂಬುದನ್ನು ಖಚಿತವಾಗಿ ಹೇಳುವವರಿಗೆ ಮನ್ನಣೆ ಹೆಚ್ಚು, ಏಕೆಂದರೆ ಹೇಳದೆ ಕೇಳದೆ ಹೊರಟುಹೋಗುವ ಕೆಲಸಗಾರರಿಂದ ಮ್ಯಾನೇಜರುಗಳು ಬೇಸತ್ತಿರುತ್ತಾರೆ. ಕೇಳುವ ಮೊದಲು ಅಲ್ಲೇ ಎರಡು ರಾತ್ರಿ ತಂಗಿ, ಈಗ ಕೆಲಸ ಮಾಡುತ್ತಿರುವವರೊಡನೆ ಅಡುಗೆಮನೆಯಲ್ಲಿ ಮಾತಾಡಿ: ವಾರಕ್ಕೆ ನಿಜವಾಗಿ ಎಷ್ಟು ಗಂಟೆ, ಪೇ ಸ್ಲಿಪ್ ಬರುತ್ತದೆಯೇ, ರಜೆಯ ದಿನವೂ ಕರೆಯುತ್ತಾರೆಯೇ?

ಈಗ ಲೆಕ್ಕ. ‘ವಾರಕ್ಕೆ 15 ಗಂಟೆ ಕೆಲಸ ಮಾಡಿದರೆ ಹಾಸಿಗೆ ಉಚಿತ’ ಎಂಬ ಮಾತನ್ನು ಒಪ್ಪುವ ಮೊದಲು ಕಾಗದದ ಮೇಲೆ ಬರೆದು ನೋಡಿ. 2025ರ ಜುಲೈ 1ರಿಂದ ಆಸ್ಟ್ರೇಲಿಯಾದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಖಾಯಂ ಅಲ್ಲದ, ‘ಕ್ಯಾಶುಯಲ್’ ಎನ್ನುವ ನೌಕರರಿಗೆ ಅದರ ಮೇಲೆ ಶೇ 25 ಹೆಚ್ಚುವರಿ, ಅಂದರೆ ಸುಮಾರು 31 ಡಾಲರ್. 15 ಗಂಟೆಗೆ ಇದು 465 ಡಾಲರಿಗೂ ಹೆಚ್ಚು, ಶೇ 15 ತೆರಿಗೆ ಕಳೆದರೂ ಕೈಗೆ 395 ಡಾಲರಿನಷ್ಟು ಬರುತ್ತದೆ. ಹಾಸಿಗೆಯ ಬಾಡಿಗೆ 250 ಡಾಲರ್ ಆಗಿದ್ದರೆ ಸಂಬಳ ಪಡೆದು ಬಾಡಿಗೆ ಕಟ್ಟುವವನು ಹತ್ತು ಗಂಟೆಯೊಳಗೇ ಅದನ್ನು ದುಡಿದಿರುತ್ತಾನೆ, ಉಳಿದ ಐದು ಗಂಟೆಯ ದುಡ್ಡು ಅವನ ಜೇಬಿನಲ್ಲಿರುತ್ತದೆ. ಅವನ ಬಳಿ ಪೇ ಸ್ಲಿಪ್ ಇರುವುದರಿಂದ ಎರಡನೆಯ ವೀಸಾಕ್ಕೂ ದಾರಿಯಾಗುತ್ತದೆ. ಉಚಿತ ಹಾಸಿಗೆ ನಿಜಕ್ಕೂ ಉಚಿತವಾಗಿರುವುದು ಹಾಸ್ಟೆಲ್ ಮಾಲೀಕನಿಗೆ.

ಆಸ್ಟ್ರೇಲಿಯಾದಲ್ಲಿ ಸಂಬಳವನ್ನು ಹಣದ ರೂಪದಲ್ಲೇ ಕೊಡಬೇಕು. ಬಾಡಿಗೆಯನ್ನು ಅದರಿಂದ ಕಡಿತ ಮಾಡಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಆ ಕಡಿತ ನಿಮ್ಮ ಹಿತಕ್ಕಾಗಿಯೇ ಇರಬೇಕು. ಬ್ರಿಟನ್ನಿನಲ್ಲಿ ನಿಯಮ ಇನ್ನೂ ನಿಖರವಾಗಿದೆ: 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ 21 ತುಂಬಿದವರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಇತ್ತು, ಮಾಲೀಕ ಕೊಡುವ ವಸತಿಯನ್ನು ಆ ವೇತನದ ಲೆಕ್ಕದಲ್ಲಿ ದಿನಕ್ಕೆ 10.66 ಪೌಂಡ್‌ಗಿಂತ ಹೆಚ್ಚಾಗಿ ಹಿಡಿಯುವಂತಿರಲಿಲ್ಲ. ‘ನಿನ್ನ ಹೆಸರಿನಲ್ಲಿ ಎಬಿಎನ್ (ಸ್ವಂತ ಉದ್ಯಮದ ನೋಂದಣಿ) ಸಂಖ್ಯೆ ಮಾಡಿಸಿಕೋ, ಗುತ್ತಿಗೆದಾರನಂತೆ ಕೊಡುತ್ತೇನೆ’ ಎನ್ನುವ ಆಸ್ಟ್ರೇಲಿಯಾದ ಮಾಲೀಕರಿಂದ ದೂರವಿರಿ. ಹಾಸ್ಟೆಲ್ ತೊಳೆಯುವವನು ಉದ್ಯಮಿಯಲ್ಲ, ಆ ಏರ್ಪಾಟಿನ ಉದ್ದೇಶ ಸಾಮಾನ್ಯವಾಗಿ ಕನಿಷ್ಠ ವೇತನವನ್ನೂ ಪಿಂಚಣಿ ವಂತಿಗೆಯನ್ನೂ ತಪ್ಪಿಸುವುದು. ಸಂಬಳದ ತಕರಾರಿಗೆ ‘ಫೇರ್ ವರ್ಕ್ ಓಂಬುಡ್ಸ್‌ಮನ್’ ಎಂಬ ಸರ್ಕಾರಿ ಸಂಸ್ಥೆಯಿದೆ, ಅದರ ಸೇವೆ ಉಚಿತ, ವೀಸಾದ ಮೇಲೆ ಬಂದವರಿಗೂ ಅದೇ ಹಕ್ಕುಗಳಿವೆ.

‘ವರ್ಕಿಂಗ್ ಹಾಸ್ಟೆಲ್’ ಎನ್ನುವುದು ಬೇರೆಯೇ ಜಾತಿ. ಬಂಡಬರ್ಗ್‌ನಂಥ ಕೃಷಿ ಊರುಗಳಲ್ಲಿ ಅವು ಹಣ್ಣು, ತರಕಾರಿ ಕೀಳುವ ಕೆಲಸ ಕೊಡಿಸುವುದಾಗಿ ಹೇಳಿ ಹಾಸಿಗೆ ಬಾಡಿಗೆಗೆ ಕೊಡುತ್ತವೆ. ಎಷ್ಟೋ ಕಡೆ ಮುಂಗಡ ಪಡೆದು, ಕೆಲಸ ‘ಮುಂದಿನ ವಾರ’ ಎಂದು ತಿಂಗಳುಗಟ್ಟಲೆ ಬಾಡಿಗೆ ಎಳೆಯುತ್ತಾರೆ. ತೋಟದ ಹೆಸರು, ಕೆಲಸ ಶುರುವಾಗುವ ದಿನ, ಕೂಲಿಯ ದರ ಈ ಮೂರನ್ನು ಬರಹದಲ್ಲಿ ಕೊಡದ ಕಡೆಗೆ ಬಸ್ ಹತ್ತಬೇಡಿ.

ಏಳನೆಯ ಹಂತ: ಕೆಲಸದಲ್ಲಿ, ಅಡುಗೆಮನೆಯಲ್ಲಿ

ಹೌಸ್‌ಕೀಪಿಂಗ್‌ನ ದಿನ ಹತ್ತು ಗಂಟೆಯ ಚೆಕ್-ಔಟ್‌ನಿಂದ ಎರಡು ಗಂಟೆಯ ಚೆಕ್-ಇನ್‌ವರೆಗಿನ ಓಟ. ಆ ನಾಲ್ಕು ಗಂಟೆಯಲ್ಲಿ ಖಾಲಿಯಾದ ಹಾಸಿಗೆಗಳ ಹೊದಿಕೆ ಕಳಚಿ, ಹೊಸದು ಹಾಸಿ, ಲಾಕರ್ ತೆರೆದು ನೋಡಿ, ಬಚ್ಚಲು ತೊಳೆದು, ನೆಲ ಒರೆಸಬೇಕು. ಹೊದಿಕೆ ಕಳಚಿದಾಗಲೆಲ್ಲ ಹಾಸಿಗೆಯ ಹೊಲಿಗೆಯಂಚನ್ನೂ ಬಂಕಿನ ಹಲಗೆಯ ಸಂದನ್ನೂ ಕಣ್ಣಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೆಣಸಿನ ಪುಡಿ ಚೆಲ್ಲಿದಂಥ ಕಪ್ಪು ಚುಕ್ಕೆಗಳು ಕಂಡರೆ ಅದು ತಿಗಣೆಯ ಗುರುತು, ತಕ್ಷಣ ಹೇಳಬೇಕು. ಅತಿಥಿಯಾಗಿ ಹೋದಾಗಲೂ ಚೀಲವನ್ನು ಹಾಸಿಗೆಯ ಮೇಲಿಡುವ ಮೊದಲು ಇದೇ ಪರೀಕ್ಷೆ ಮಾಡಿ. ರಾತ್ರಿ ಪಾಳಿಯಲ್ಲಿ ಕೆಲಸ ಕಡಿಮೆ, ಜವಾಬ್ದಾರಿ ಹೆಚ್ಚು: ಕುಡಿದವರು, ಕೀಲಿ ಕಳೆದುಕೊಂಡವರು, ಅಸ್ವಸ್ಥರಾದವರು ಎಲ್ಲರೂ ಆ ಹೊತ್ತಿಗೇ ಬರುವುದು. ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000.

ಊಟದ ಖರ್ಚು ಉಳಿಸಲು ನಮ್ಮ ಅಡುಗೆಯೇ ದೊಡ್ಡ ಆಸ್ತಿ. ಅಕ್ಕಿ, ಬೇಳೆ, ಈರುಳ್ಳಿ, ಕೋಸು ಅಗ್ಗದ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತವೆ. ಅವಲಕ್ಕಿ, ರವೆ, ಸಾರಿನ ಪುಡಿಗೆ ಭಾರತೀಯ ಅಂಗಡಿಗಳಿವೆ. ಹಾಸ್ಟೆಲ್‌ನಲ್ಲಿ ಕುಕ್ಕರ್ ಇರುವುದಿಲ್ಲವಾದ್ದರಿಂದ ತೊಗರಿಬೇಳೆಗಾಗಿ ಒಲೆಯ ಮುಂದೆ ಗಂಟೆ ಕಾಯುವ ಬದಲು ಇಪ್ಪತ್ತು ನಿಮಿಷದಲ್ಲಿ ಬೇಯುವ ಮಸೂರ ಬೇಳೆಯನ್ನು ರೂಢಿಸಿಕೊಳ್ಳಿ. ಹೊರಟುಹೋಗುವವರು ಬಿಟ್ಟ ಎಣ್ಣೆ, ಪಾಸ್ತಾ, ಅಕ್ಕಿಗಳನ್ನಿಡುವ ‘ಫ್ರೀ ಫುಡ್’ ಕಪಾಟು ಬಹುತೇಕ ಎಲ್ಲ ಹಾಸ್ಟೆಲ್‌ಗಳಲ್ಲೂ ಇರುತ್ತದೆ, ಸಂಕೋಚವಿಲ್ಲದೆ ಬಳಸಿ. ಒಗ್ಗರಣೆ ಮಾತ್ರ ಸಣ್ಣ ಉರಿಯಲ್ಲಿ, ಕಿಟಕಿ ತೆರೆದು, ಹೊಗೆ ಹೀರುವ ಫ್ಯಾನ್ ಹಾಕಿ ಮಾಡಿ. ಒಣಮೆಣಸಿನ ಘಾಟು ಹೊಗೆ ಪತ್ತೆ ಯಂತ್ರಕ್ಕೆ ತಾಗಿದರೆ ಅಗ್ನಿಶಾಮಕ ವಾಹನ ಬಂದೇ ಬರುತ್ತದೆ, ಸುಳ್ಳು ಕರೆಯ ಶುಲ್ಕ ಸಾವಿರ ಡಾಲರ್ ಮೀರಬಹುದು, ಹಾಸ್ಟೆಲ್ ಅದನ್ನು ಒಗ್ಗರಣೆ ಹಾಕಿದವರಿಂದಲೇ ವಸೂಲಿ ಮಾಡುತ್ತದೆ.

ಸುರಕ್ಷತೆಯ ಎರಡು ಮಾತು

2000ದ ಜೂನ್ 23ರಂದು ಕ್ವೀನ್ಸ್‌ಲ್ಯಾಂಡಿನ ಚಿಲ್ಡರ್ಸ್ ಎಂಬ ಊರಿನ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗೆ ಒಬ್ಬ ಬೆಂಕಿ ಹಚ್ಚಿದಾಗ 15 ಮಂದಿ ಯುವ ಪ್ರವಾಸಿಗರು ಸತ್ತರು. ಎಚ್ಚರಿಕೆಯ ಗಂಟೆ ಕೆಲಸ ಮಾಡುತ್ತಿರಲಿಲ್ಲ, ಕಿಟಕಿಗಳಿಗೆ ಸರಳುಗಳಿದ್ದವು, ಒಂದು ಕೋಣೆಯ ಬಾಗಿಲಿಗೆ ಬಂಕ್ ಅಡ್ಡವಾಗಿತ್ತು. ಅದಾದ ಮೇಲೆ ಆ ರಾಜ್ಯದಲ್ಲಿ ನಿಯಮಗಳು ಬಿಗಿಯಾದವು, ಆದರೆ ಅಗ್ಗದ ಹಾಸ್ಟೆಲ್‌ಗಳು ಎಲ್ಲ ದೇಶದಲ್ಲೂ ಇವೆ. ಕೋಣೆಗೆ ಹೋದ ಕೂಡಲೇ ಎರಡನೆಯ ದಾರಿ ಎಲ್ಲಿದೆ, ಅದರ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ನೋಡಿ. ಅಲ್ಲಿ ಕೆಲಸಕ್ಕಿದ್ದರೆ ಆ ದಾರಿಗೆ ಅಡ್ಡ ನಿಂತ ಸಾಮಾನನ್ನು ತೆಗೆಸುವುದು ನಿಮ್ಮ ಕರ್ತವ್ಯವೂ ಹೌದು.

2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ಮಂದಿ ವಿದೇಶಿ ಪ್ರವಾಸಿಗರು ಸತ್ತರು. ಆಗ್ನೇಯ ಏಷ್ಯಾದ ಪಾರ್ಟಿ ಊರುಗಳಲ್ಲಿ ಉಚಿತವಾಗಿ ಹಂಚುವ, ಲೇಬಲ್ಲಿಲ್ಲದ ಬಾಟಲಿಯಿಂದ ಸುರಿದ ಮದ್ಯವನ್ನು ಮುಟ್ಟಲೇಬೇಡಿ. ಮಹಿಳೆಯರು ಮಹಿಳೆಯರ ಡಾರ್ಮ್ ಇರುವ ಹಾಸ್ಟೆಲ್‌ಗಳನ್ನು ಆರಿಸಿಕೊಂಡರೆ ಒಳ್ಳೆಯದು. ಕೆಲಸಗಾರರಿಗೆ ಕೊಡುವ ಕೋಣೆ ಬೇರೆಯೇ ಇರುತ್ತದೆಯಾದ್ದರಿಂದ ಅದಕ್ಕೆ ಬೀಗವಿದೆಯೇ, ಅದರಲ್ಲಿ ಯಾರು ಯಾರು ಇರುತ್ತಾರೆ ಎಂದು ಒಪ್ಪಿಕೊಳ್ಳುವ ಮೊದಲೇ ಕಣ್ಣಾರೆ ನೋಡಿ. ಪಾಸ್‌ಪೋರ್ಟನ್ನು ಯಾವ ಮಾಲೀಕರಿಗೂ ‘ಇಟ್ಟುಕೊಳ್ಳಲು’ ಕೊಡಬೇಡಿ, ಪ್ರತಿ ಕೊಟ್ಟರೆ ಸಾಕು. ಪಾಸ್‌ಪೋರ್ಟ್ ಕಳೆದರೆ ಕ್ಯಾನ್‌ಬೆರಾದ ಹೈಕಮಿಷನ್ ಅಥವಾ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಪರ್ತ್‌ನ ಕಾನ್ಸುಲೇಟ್ ಕಚೇರಿಗಳನ್ನು ಸಂಪರ್ಕಿಸಬೇಕು.

ಕೊನೆಯ ಹಂತ: ಹೊರಡುವಾಗ

ಪ್ರತಿ ಕೆಲಸ ಬಿಡುವಾಗಲೂ ಪೇ ಸ್ಲಿಪ್‌ಗಳನ್ನು ಇಳಿಸಿಕೊಂಡು ನಿಮ್ಮದೇ ಇಮೇಲ್‌ಗೆ ಕಳುಹಿಸಿಕೊಳ್ಳಿ. ಹಾಸ್ಟೆಲ್ ಕೈ ಬದಲಾದರೆ ಅವನ್ನು ಹುಡುಕಿಕೊಡುವವರು ಇರುವುದಿಲ್ಲ. ಆಸ್ಟ್ರೇಲಿಯಾದ ತೆರಿಗೆ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಸ್ವತಃ ಲೆಕ್ಕಪತ್ರ ಸಲ್ಲಿಸುವವರಿಗೆ ಅಕ್ಟೋಬರ್ 31 ಕೊನೆಯ ದಿನ. ಸಂಬಳದ ಜೊತೆಗೆ ಮಾಲೀಕರು ಕಟ್ಟಿರುವ ಪಿಂಚಣಿ ನಿಧಿ, ಅಂದರೆ ‘ಸೂಪರ್’, 2025ರ ಜುಲೈನಿಂದ ಸಂಬಳದ ಶೇ 12ರಷ್ಟಿದೆ. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಅದನ್ನು ತೆರಿಗೆ ಕಚೇರಿಯ ತಾಣದ ಮೂಲಕ ಕೇಳಿ ಪಡೆಯಬಹುದು. ಈ ವೀಸಾದವರಿಗೆ ಅದರಲ್ಲಿ ಶೇ 65 ತೆರಿಗೆಗೆ ಹೋಗುತ್ತದೆ. ಉಳಿದ ಶೇ 35 ಕೂಡ ಕೆಲವೊಮ್ಮೆ ಊರಿಗೆ ಮರಳುವ ಟಿಕೆಟ್‌ನಷ್ಟಾಗುತ್ತದೆ, ಆದ್ದರಿಂದ ನಿಧಿಯ ಸದಸ್ಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮತ್ತು ಆಸ್ಟ್ರೇಲಿಯಾದ ಬ್ಯಾಂಕ್ ಖಾತೆಯನ್ನು ಈ ಹಣ ಬಂದು ಸೇರುವವರೆಗೆ ಮುಚ್ಚಬೇಡಿ.